ಎರಡನೇ ‘ಬೇಡ’ ನಿಮ್ಮದಾಗಲಿ: ನಶೆ ತಡೆಯಲು ಹೊರಟ ಕಾಲೇಜು ನಾಯಕರಿಗೆ ಒಂದು ಮಾರ್ಗದರ್ಶಿ

ಶುಕ್ರವಾರ ರಾತ್ರಿ, ಬೆಂಗಳೂರಿನ ಯಾವುದೋ ಪಿಜಿ. ಒಂದೇ ರೂಮಿನಲ್ಲಿ ಐದು ಜನ ಕೂತಿದ್ದಾರೆ. ಎಣ್ಣೆ ಬಂದಿದೆ, ಚಿಪ್ಸ್ ಪ್ಯಾಕೆಟ್ ಹರಿದಿದೆ. ಹೊಸದಾಗಿ ಸೇರಿದ ಹುಡುಗ ಮೆಲ್ಲಗೆ "ನಂಗೆ ಬೇಡ" ಅನ್ನುತ್ತಾನೆ. "ಏ, ಒಂದು ಸಿಪ್ ಮಗಾ, ಏನೂ ಆಗಲ್ಲ" ಅಂತ ಇನ್ನೊಬ್ಬ ಗ್ಲಾಸ್ ಚಾಚುತ್ತಾನೆ. ಆಗ ಮೂರನೆಯವನು "ನಂಗೂ ಬೇಡ, ಜ್ಯೂಸ್ ಇದ್ರೆ ಈ ಕಡೆ ಕೊಡು" ಅಂದರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಯಾರೂ ಏನೂ ಅನ್ನದಿದ್ದರೆ ಆ ಹುಡುಗ ಗ್ಲಾಸ್ ತಗೊಳ್ಳುತ್ತಾನೆ.

1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಇಂಥದ್ದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಯಾವ ಗೆರೆ ಎಷ್ಟು ಉದ್ದ ಎಂದು ಹೇಳುವ ಸುಲಭದ ಪ್ರಶ್ನೆ. ಗುಂಪಿನವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ, ಪರೀಕ್ಷೆಗೆ ಕೂತವರು ಸುಮಾರು ಮೂರರಲ್ಲಿ ಒಂದು ಸಲ ಗುಂಪಿನ ಹಿಂದೆಯೇ ಹೋದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾಗಿ ಹೇಳಿದರೂ ಸಾಕು, ಹಾಗೆ ಹೋಗುವುದು ತುಂಬಾ ಕಡಿಮೆಯಾಯಿತು.

ನೀವು ಕ್ಲಾಸಿನ ಸಿಆರ್ ಇರಬಹುದು, ಎನ್‌ಎಸ್‌ಎಸ್ ಸ್ವಯಂಸೇವಕಿ ಇರಬಹುದು, ಹಾಸ್ಟೆಲ್ ಪ್ರತಿನಿಧಿಯೋ ಫೆಸ್ಟ್ ಸಮಿತಿಯವರೋ ಇರಬಹುದು. ಪೊಲೀಸರು, ಡಾಕ್ಟರು, ಪ್ರಿನ್ಸಿಪಾಲರು ಮಾಡಲಾಗದ ಒಂದು ಕೆಲಸ ನಿಮ್ಮಿಂದ ಆಗುತ್ತದೆ. ಅವರ್‍ಯಾರೂ ಆ ರೂಮಿನಲ್ಲಿ ಇರುವುದಿಲ್ಲ. ನೀವು ಇರುತ್ತೀರಿ. ಆ ಎರಡನೇ ‘ಬೇಡ’ ಹೇಳುವವರನ್ನು ಪ್ರತಿ ಕ್ಲಾಸಿನಲ್ಲೂ ಪ್ರತಿ ಪಿಜಿಯಲ್ಲೂ ತಯಾರು ಮಾಡುವುದು ಹೇಗೆ ಅನ್ನುವುದಕ್ಕೆ ಈ ಲೇಖನ.

ಮೊದಲು ತಂಡ ಕಟ್ಟಿ

ಆರರಿಂದ ಹತ್ತು ಜನ ಸಾಕು. ಮೊದಲ ಬೆಂಚಿನವರನ್ನೇ ತುಂಬಿಕೊಂಡರೆ ಕೆಲಸ ಆಗಲ್ಲ. ಕ್ರಿಕೆಟ್ ಟೀಮಿನ ಹುಡುಗ, ಡ್ಯಾನ್ಸ್ ತಂಡದ ಹುಡುಗಿ, ಹಾಸನದಿಂದಲೋ ಕಲಬುರಗಿಯಿಂದಲೋ ಬಂದು ಪಿಜಿಯಲ್ಲಿ ಇರುವವರು, ಮನೆಯಿಂದ ಬಸ್ಸಿನಲ್ಲಿ ಬರುವವರು, ಕೊನೆ ಬೆಂಚಿನಲ್ಲಿ ಕೂತು ಎಲ್ಲರಿಗೂ ಬೇಕಾದವನು, ಹೀಗೆ ಎಲ್ಲ ಕಡೆಯವರೂ ಇರಲಿ. ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವರ ಹತ್ತಿರ ಬೇರೆಯವರು ತಮ್ಮ ಕಷ್ಟ ಹೇಳಿಕೊಳ್ಳುತ್ತಾರಾ?

ಜೊತೆಗೆ ಒಬ್ಬ ಅಧ್ಯಾಪಕರು ಬೇಕು. ವಿದ್ಯಾರ್ಥಿ ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗದವರು. ಕಾಲೇಜಿನಲ್ಲಿ ಕೌನ್ಸೆಲರ್ ಇದ್ದರೆ ಅವರನ್ನೂ ಮೊದಲ ದಿನವೇ ಸೇರಿಸಿಕೊಳ್ಳಿ. ನಿಮ್ಮ ಕೈ ಮೀರಿದ ವಿಷಯ ಬಂದಾಗ ಯಾರ ಬಾಗಿಲು ತಟ್ಟಬೇಕು ಅನ್ನುವುದು ಮೊದಲೇ ಗೊತ್ತಿರಬೇಕು.

ತಂಡದೊಳಗೆ ಒಂದು ಮಾತು ಗಟ್ಟಿಯಾಗಿ ಆಗಲಿ. ಕಾಲೇಜಿನ ಕಾರ್ಯಕ್ರಮ, ಟ್ರಿಪ್, ಪಾರ್ಟಿ ಯಾವುದರಲ್ಲೂ ತಂಡದವರು ಕುಡಿಯುವುದಿಲ್ಲ, ಸೇದುವುದಿಲ್ಲ. ಬೆಳಗ್ಗೆ ಬ್ಯಾನರ್ ಹಿಡಿದು, ಸಂಜೆ ಬೇಕರಿ ಮುಂದೆ ಸಿಗರೇಟು ಹಿಡಿದರೆ ಜೂನಿಯರ್‌ಗಳಿಗೆ ಸಂಜೆಯದ್ದೇ ನೆನಪಿರುತ್ತದೆ.

ನಿಮ್ಮ ಕಾಲೇಜನ್ನು ನೋಡಿಕೊಳ್ಳಿ

ನಶೆ ಎಲ್ಲ ದಿನವೂ ಒಂದೇ ಥರ ಬರುವುದಿಲ್ಲ. ಫ್ರೆಷರ್ಸ್ ಡೇ ಆದ ರಾತ್ರಿ, ಫೆಸ್ಟ್ ಮುಗಿದ ಮೇಲೆ, ಇಂಟರ್ನಲ್ಸ್ ಮಾರ್ಕ್ಸ್ ಬಂದ ವಾರ, ಮೊದಲ ಸೆಮಿಸ್ಟರ್‌ನಲ್ಲಿ ಮನೆ ನೆನಪಾಗುವ ದಿನಗಳು, ಬರ್ತ್‌ಡೇ ಹೆಸರಿನಲ್ಲಿ ನಡೆಯುವ ಪಾರ್ಟಿಗಳು. ನಿಮ್ಮ ಕಾಲೇಜಿನಲ್ಲಿ ಇವು ಯಾವಾಗ, ಎಲ್ಲಿ ಎಂದು ತಂಡ ಕೂತು ಒಂದು ಹಾಳೆಯಲ್ಲಿ ಬರೆಯಲಿ. ಯಾರು ಎಂದು ಬರೆಯಬೇಡಿ. ನಿಮಗೆ ಬೇಕಾಗಿರುವುದು ಸಮಯ ಮತ್ತು ಜಾಗ, ಹೆಸರುಗಳಲ್ಲ.

ಗೇಟಿನ ಹೊರಗೂ ಒಂದು ಸುತ್ತು ಹಾಕಿ. ಟೀ ಜೊತೆ ಸಿಗರೇಟು ಅನ್ನುವುದು ಬೆಂಗಳೂರಿನ ಎಷ್ಟೋ ಹುಡುಗರಿಗೆ ಮೊದಲ ಮೆಟ್ಟಿಲು. 2003ರ ತಂಬಾಕು ನಿಯಂತ್ರಣ ಕಾಯ್ದೆ ಪ್ರಕಾರ ಶಾಲೆ ಕಾಲೇಜಿನ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿದೆ. ವೇಪ್ ಅಂತೂ 2019ರಿಂದ ದೇಶದಲ್ಲೆಲ್ಲೂ ಮಾರುವಂತಿಲ್ಲ. ಅಂಗಡಿಯವರ ಜೊತೆ ನೀವೇ ಜಗಳಕ್ಕೆ ನಿಲ್ಲಬೇಡಿ. ಅಂಗಡಿ ಇರುವ ಜಾಗ ಗುರುತು ಮಾಡಿ, ಪ್ರಿನ್ಸಿಪಾಲರ ಸಹಿಯ ಪತ್ರವನ್ನು ಪಾಲಿಕೆಯ ಆರೋಗ್ಯ ಅಧಿಕಾರಿಗೂ ಹತ್ತಿರದ ಪೊಲೀಸ್ ಠಾಣೆಗೂ ಕೊಡಿಸಿ. 100 ಗಜದ ಗುರುತಿಗೆ ಹಳದಿ ಗೆರೆ ಎಳೆಯುವ ಕ್ರಮ ಕೇಂದ್ರ ಸರ್ಕಾರದ ತಂಬಾಕು ಮುಕ್ತ ಶಿಕ್ಷಣ ಸಂಸ್ಥೆ ಮಾರ್ಗಸೂಚಿಯಲ್ಲೇ ಇದೆ. ಅದನ್ನು ಎನ್‌ಎಸ್‌ಎಸ್ ಕೆಲಸವಾಗಿ ಒಂದು ಬೆಳಗ್ಗೆ ಮಾಡಿ ಮುಗಿಸಬಹುದು.

ಚೀಟಿ ಹಾಕಿಸಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. ಖರ್ಚೂ ಇಲ್ಲ.

ಒಂದು ಖಾಲಿ ಶೂ ಡಬ್ಬಿ ತಗೊಳ್ಳಿ. ಮುಚ್ಚಳದಲ್ಲಿ ಸೀಳು ಮಾಡಿ, ಸುತ್ತ ಟೇಪ್ ಹಾಕಿ. ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಿ. ಅದರಲ್ಲಿ ಎರಡೇ ಪ್ರಶ್ನೆ. ಒಂದು: ಕಳೆದ 30 ದಿನಗಳಲ್ಲಿ ನೀವು ಮದ್ಯ ಕುಡಿದಿದ್ದೀರಾ? ಹೌದು ಅಥವಾ ಇಲ್ಲ. ಎರಡು: ನಿಮ್ಮ ಕ್ಲಾಸಿನ 10 ಜನರಲ್ಲಿ ಎಷ್ಟು ಜನ ಕುಡಿದಿರಬಹುದು? ಹೆಸರು, ರೋಲ್ ನಂಬರ್ ಏನೂ ಬೇಡ. ಕೈಬರಹ ಗೊತ್ತಾಗದಂತೆ ಟಿಕ್ ಹಾಕುವುದು, ಅಂಕಿಗೆ ಸುತ್ತು ಹಾಕುವುದು ಇಷ್ಟೇ ಇರಲಿ. ಎಲ್ಲರೂ ಒಂದೇ ಥರ ಎರಡು ಮಡಿಕೆ ಮಡಚಿ ಡಬ್ಬಿಗೆ ಹಾಕಲಿ. ತುಂಬಿಸುವಾಗ ಯಾವ ಅಧ್ಯಾಪಕರೂ ಕ್ಲಾಸಿನಲ್ಲಿ ಇರಬಾರದು. ಎಣಿಸಿ, ಒಟ್ಟು ಸಂಖ್ಯೆ ಬರೆದುಕೊಂಡು, ಚೀಟಿಗಳನ್ನು ಅವತ್ತೇ ಹರಿದು ಹಾಕಿ. ಪಿಯು ಕಾಲೇಜಾದರೆ ಪ್ರಿನ್ಸಿಪಾಲರ ಅನುಮತಿ ಮೊದಲೇ ತಗೊಳ್ಳಿ.

ಇಷ್ಟೆಲ್ಲ ಯಾಕೆ? 1986ರಲ್ಲಿ ಪರ್ಕಿನ್ಸ್ ಮತ್ತು ಬರ್ಕೊವಿಟ್ಜ್ ಎಂಬ ಇಬ್ಬರು ಅಮೆರಿಕದ ಕಾಲೇಜೊಂದರಲ್ಲಿ ಒಂದು ವಿಷಯ ಕಂಡುಕೊಂಡರು. ಕುಡಿತದ ವಿಷಯದಲ್ಲಿ ಬೇರೆಯವರೆಲ್ಲ ತಮಗಿಂತ ಸಡಿಲ ಎಂದೇ ವಿದ್ಯಾರ್ಥಿಗಳು ತಿಳಿದಿದ್ದರು. ಆಮೇಲೆ ಬೇರೆ ಬೇರೆ ಕಡೆ ಇದೇ ಮತ್ತೆ ಮತ್ತೆ ಕಂಡಿದೆ. ಕುಡಿಯುವವರ ಕಥೆ ಸ್ಟೇಟಸ್‌ಗೆ ಬರುತ್ತದೆ, ಸೋಮವಾರ ಕ್ಯಾಂಟೀನಿನಲ್ಲಿ ಜೋರಾಗಿ ಕೇಳಿಸುತ್ತದೆ. ಊಟ ಮಾಡಿ ಮಲಗಿದವನ ಕಥೆ ಯಾರಿಗೆ ಬೇಕು? ಹಾಗಾಗಿ "ಎಲ್ಲರೂ ಮಾಡ್ತಾರೆ, ನಾನೊಬ್ಬನೇ ಗೂಬೆ" ಅನಿಸಿಬಿಡುತ್ತದೆ.

ಏಮ್ಸ್ ನಡೆಸಿ, ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ 10ರಿಂದ 75 ವರ್ಷದವರಲ್ಲಿ ಮದ್ಯ ಕುಡಿಯುವವರು ಶೇ. 14.6. ಗಂಡಸರನ್ನಷ್ಟೇ ತೆಗೆದುಕೊಂಡರೂ ಶೇ. 27.3. ಅಂದರೆ ಹತ್ತರಲ್ಲಿ ಏಳು ಗಂಡಸರು ಕುಡಿಯುವುದಿಲ್ಲ. ನಿಮ್ಮ ಕ್ಲಾಸಿನ ಲೆಕ್ಕದಲ್ಲಿ ಊಹೆಗಿಂತ ನಿಜದ ಸಂಖ್ಯೆ ಕಡಿಮೆ ಬಂದರೆ ಅದನ್ನೇ ಪೋಸ್ಟರ್ ಮಾಡಿ: "ನಮ್ಮ ಕ್ಲಾಸಿನಲ್ಲಿ ಇಷ್ಟು ಜನ ಕಳೆದ ತಿಂಗಳು ಕುಡಿದಿಲ್ಲ." ಸಂಖ್ಯೆ ನಿಜದ್ದೇ ಇರಲಿ, ಒಂದನ್ನೂ ಏರಿಸಬೇಡಿ. ಕುಡಿಯುವವರೇ ಜಾಸ್ತಿ ಅಂತ ಬಂದರೆ ಅದನ್ನು ಗೋಡೆಗೆ ಅಂಟಿಸಬೇಡಿ. ಕೌನ್ಸೆಲರ್ ಜೊತೆ ಕೂತು ಮಾತಾಡಿ.

ತಲೆಬುರುಡೆ ಪೋಸ್ಟರ್ ಬೇಡ

ಸಿರಿಂಜು, ತಲೆಬುರುಡೆ, ಕೊಳೆತ ಲಿವರ್ ಫೋಟೋ. ಇವುಗಳಿಂದ ಹುಡುಗರು ಹೆದರಿ ಬಿಟ್ಟುಬಿಡುತ್ತಾರೆ ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾನದಂಡಗಳು ಬೇರೆಯದನ್ನೇ ಹೇಳುತ್ತವೆ. ಶಾಲೆಗಳಲ್ಲಿ ಬರೀ ಹೆದರಿಸುವುದು, ಬರೀ ಮಾಹಿತಿ ಸುರಿಯುವುದು, ಹಿಂದೆ ವ್ಯಸನದಲ್ಲಿದ್ದವರನ್ನು ವೇದಿಕೆಗೆ ಕರೆಸಿ ಕಥೆ ಹೇಳಿಸುವುದು, ಇವುಗಳಿಂದ ಫಲ ಕಂಡುಬಂದಿಲ್ಲ. ಕೆಲವು ಸಲ ತಿರುಗುಬಾಣವೂ ಆಗಿದೆ. ಫಲ ಕೊಟ್ಟಿರುವುದು ಚರ್ಚೆ, ಅಭ್ಯಾಸ, ಒತ್ತಡ ಬಂದಾಗ ಏನು ಮಾಡಬೇಕು ಅನ್ನುವ ಕಲಿಕೆ.

ಹಾಗಂತ ಮಾಹಿತಿಯೇ ಬೇಡ ಅಂತಲ್ಲ. ಇಪ್ಪತ್ತರ ವಯಸ್ಸಿನವರಿಗೆ ಈ ವಾರವೇ ತಟ್ಟುವ ಮಾಹಿತಿ ಕೊಡಿ. ಒಂದು ಉದಾಹರಣೆ. "ಬಿಯರ್ ತಾನೇ, ಅದೇನು ಮಹಾ" ಅನ್ನುವ ಮಾತು ಎಲ್ಲ ಕಡೆ ಇದೆ. ಲೆಕ್ಕ ಹಾಕಿ ತೋರಿಸಿ. ವಿಸ್ಕಿಯ ಒಂದು ಸ್ಮಾಲ್, ಅಂದರೆ 30 ಎಂಎಲ್‌ನಲ್ಲಿ, ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರ್‌ನ 650 ಎಂಎಲ್ ಬಾಟಲಿಯಲ್ಲಿ ಸುಮಾರು 41 ಗ್ರಾಂ. ಒಂದು ಬಾಟಲಿ ಬಿಯರ್ ಅಂದರೆ ನಾಲ್ಕು ಸ್ಮಾಲ್. ಒಂದು ಸ್ಮಾಲ್ ಇಳಿಯಲು ದೇಹಕ್ಕೆ ಹೆಚ್ಚು ಕಡಿಮೆ ಒಂದು ಗಂಟೆ ಬೇಕು. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರು ಸ್ನಾನ ಯಾವುದೂ ಆ ಗಂಟೆಯನ್ನು ಕಡಿಮೆ ಮಾಡುವುದಿಲ್ಲ. ಇದನ್ನು ಬೋರ್ಡಿನ ಮೇಲೆ ಗುಣಿಸಿ ತೋರಿಸಿದಾಗ ಕ್ಲಾಸು ಸುಮ್ಮನಾಗಿ ಕೇಳುತ್ತದೆ.

ಗಾಂಜಾ ವಿಷಯಕ್ಕೆ ಬಂದರೆ "ಗಿಡದ್ದು, ನ್ಯಾಚುರಲ್, ಅಂಟಿಕೊಳ್ಳಲ್ಲ" ಅನ್ನುತ್ತಾರೆ. ಸೇದಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ, ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಅದು ಅಂಟಿಕೊಳ್ಳುತ್ತದೆ. ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಮದ್ಯದಿಂದ ನಿದ್ದೆ ಬರುತ್ತದೆ, ಆದರೆ ಆಳವಾಗಿ ಉಳಿಯುವುದಿಲ್ಲ, ಬೆಳಗ್ಗೆ ಎದ್ದಾಗ ಸುಸ್ತು. ಇಷ್ಟು ಸಾಕು. ಎಲ್ಲಿ ಸಿಗುತ್ತದೆ, ಹೇಗೆ ತಗೊಳ್ಳುತ್ತಾರೆ, ಹೊಸ ಹೊಸ ಹೆಸರುಗಳೇನು ಅನ್ನುವುದನ್ನು ವೇದಿಕೆ ಮೇಲೆ ಹೇಳಲೇಬೇಡಿ. ಅದು ಕುತೂಹಲ ಬೆಳೆಸುತ್ತದೆ ಅಷ್ಟೇ.

‘ಬೇಡ’ ಅನ್ನುವುದನ್ನು ಅಭ್ಯಾಸ ಮಾಡಿಸಿ

ಭಾಷಣ ಕೇಳಿ ಯಾರಿಗೂ ಬಾಯಿ ಬರುವುದಿಲ್ಲ. ಆರಾರು ಜನರ ಗುಂಪು ಮಾಡಿ, ಇಬ್ಬರು ಒತ್ತಾಯ ಮಾಡುವವರು, ಒಬ್ಬ ಬೇಡ ಅನ್ನುವವನು, ಒಬ್ಬಳು ಎರಡನೇ ‘ಬೇಡ’ ಹೇಳುವವಳು, ಉಳಿದವರು ನೋಡುವವರು. ಹತ್ತು ನಿಮಿಷ ಆಡಿಸಿ, ಪಾತ್ರ ಬದಲಿಸಿ. ಆಮೇಲೆ ಯಾವ ಮಾತು ನಾಲಿಗೆಗೆ ಸಲೀಸಾಗಿ ಬಂತು ಎಂದು ಅವರೇ ಆರಿಸಲಿ. ಸಾಮಾನ್ಯವಾಗಿ ಉಪಯೋಗಕ್ಕೆ ಬರುವಂಥವು ಚಿಕ್ಕವು: "ಇವತ್ತು ಬೇಡ ಗುರು, ನಾಳೆ ಲ್ಯಾಬ್ ಇದೆ." "ನಂಗೆ ಆಗಿ ಬರಲ್ಲ, ಬಿಡು." "ಬೇಡ ಅಂದ್ನಲ್ಲ, ಇನ್ನೇನು ಸಮಾಚಾರ?" ಕೊನೆಯದು ತುಂಬಾ ಒಳ್ಳೆಯದು, ಮಾತನ್ನೇ ಬೇರೆ ಕಡೆ ತಿರುಗಿಸುತ್ತದೆ. ಕಾರಣ ಕೊಡಲೇಬೇಕು ಅಂತಿಲ್ಲ ಅನ್ನುವುದನ್ನೂ ಕಲಿಸಿ. ಉದ್ದ ಕಾರಣ ಕೊಟ್ಟರೆ ಎದುರಿನವರು ಅದಕ್ಕೊಂದು ಉತ್ತರ ಹುಡುಕುತ್ತಾರೆ.

ಎರಡನೇ ‘ಬೇಡ’ ಹೇಳುವವರಿಗೆ ಕೆಲಸ ಇನ್ನೂ ಸುಲಭ. ಕುಡಿಯುವವರನ್ನು ಬೈಯಬೇಕಾಗಿಲ್ಲ, ಉಪದೇಶವೂ ಬೇಡ. ಬೇಡ ಅಂದವರ ಪಕ್ಕ ಹೋಗಿ ಕೂತರೆ ಸಾಕು. ಪಾರ್ಟಿ ನೀವೇ ಮಾಡುವುದಾದರೆ ಜ್ಯೂಸು, ಲೈಮ್ ಸೋಡಾ ಜಾಸ್ತಿ ತರಿಸಿ, ಬಿಸಿ ಊಟ ಬೇಗ ತರಿಸಿ.

ಈಗಾಗಲೇ ಶುರು ಮಾಡಿರುವ ಗೆಳೆಯನ ಜೊತೆ

ಬೆಳಗ್ಗೆ ಕ್ಲಾಸಿಗೆ ಬರುತ್ತಿಲ್ಲ, ಸಾಲ ಕೇಳುತ್ತಿದ್ದಾನೆ, ಹಳೇ ಗೆಳೆಯರನ್ನು ಬಿಟ್ಟಿದ್ದಾನೆ, ಆಟಕ್ಕೂ ಬರುತ್ತಿಲ್ಲ. ಇವು ನಶೆಯ ಗುರುತೂ ಇರಬಹುದು, ಮನೆಯ ಕಷ್ಟವೂ ಇರಬಹುದು, ಖಿನ್ನತೆಯೂ ಇರಬಹುದು. ಯಾವುದು ಅಂತ ತೀರ್ಮಾನ ಮಾಡುವುದು ನಿಮ್ಮ ಕೆಲಸ ಅಲ್ಲ. ಕೇಳುವುದು ನಿಮ್ಮ ಕೆಲಸ. ಗುಂಪಿನಲ್ಲಿ ಕೇಳಬೇಡಿ, ಅವನು ನಶೆಯಲ್ಲಿರುವಾಗಲೂ ಬೇಡ. ಎದುರು ಬದುರು ಕೂತರೆ ವಿಚಾರಣೆ ಥರ ಆಗುತ್ತದೆ. ಗ್ರೌಂಡ್ ಸುತ್ತ ನಡೆಯುತ್ತಾ ಮಾತಾಡಿ.

"ಎರಡು ವಾರದಿಂದ ಬೆಳಗ್ಗೆ ಕಾಣ್ತಿಲ್ಲ. ಫುಟ್‌ಬಾಲ್‌ಗೂ ಬರ್ತಿಲ್ಲ. ಏನಾಗಿದೆ ಮಗಾ?"

"ಏನಿಲ್ಲ ಬಿಡೋ."

"ಸರಿ. ಹೇಳ್ಬೇಕು ಅನ್ಸಿದಾಗ ಹೇಳು. ಊರಿಗೆಲ್ಲ ಹೇಳ್ಕೊಂಡು ಬರಲ್ಲ ನಾನು. ನಿನ್ನ ಜೀವಕ್ಕೆ ಅಪಾಯ ಅನ್ಸಿದ್ರೆ ಮಾತ್ರ ಸುಮ್ನಿರಲ್ಲ."

ಅರ್ಧ ಸುತ್ತು ಇಬ್ಬರೂ ಮಾತಾಡುವುದಿಲ್ಲ.

"ರಾತ್ರಿ ದಮ್ ಹೊಡೀದೆ ಇದ್ರೆ ನಿದ್ದೆನೇ ಬರಲ್ಲ ಕಣೋ."

"ಎಷ್ಟು ದಿನದಿಂದ ಹಿಂಗೆ?"

"ರಿಸಲ್ಟ್ ಬಂದಾಗಿಂದ. ಎರಡು ಬ್ಯಾಕ್ ಇದೆ. ಮನೇಲಿ ಗೊತ್ತಿಲ್ಲ."

"ಅಪ್ಪಂಗೆ ಹೇಳೋದು ಆಮೇಲೆ ನೋಡೋಣ. ಮೊದಲು ನಿದ್ದೆ ವಿಷಯ ಯಾರನ್ನಾದ್ರೂ ಕೇಳೋಣ್ವಾ? ಒಂದು ನಂಬರ್ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಇಲ್ಲಿ ನಾಯಕ ಮಾಡಿದ್ದು ಇಷ್ಟೇ: ಕಂಡಿದ್ದನ್ನು ಹೇಳಿದ, ಸುಮ್ಮನಿರಲು ಜಾಗ ಕೊಟ್ಟ, ಸಹಾಯಕ್ಕೆ ಜೊತೆಯಲ್ಲಿ ಬರುತ್ತೇನೆ ಅಂದ. "ಯಾರಿಗೂ ಹೇಳಲ್ಲ" ಅಂತ ಪೂರ್ತಿ ಮಾತು ಕೊಡಲಿಲ್ಲ. ಸಾಯುವ ಮಾತು ಬಂದರೆ ಆ ಕ್ಷಣವೇ ದೊಡ್ಡವರೊಬ್ಬರಿಗೆ ಹೇಳಲೇಬೇಕು, ಅವನನ್ನು ಒಬ್ಬನೇ ಬಿಡಬಾರದು.

ಆ ನಂಬರ್ 14416, ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ. ವ್ಯಸನದ ವಿಷಯಕ್ಕೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ತಂಬಾಕು ಬಿಡಲು 1800-11-2356. ಡಾಕ್ಟರನ್ನೇ ನೋಡಬೇಕು ಅನ್ನುವವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರ ಇದೆ. ದೇಶದ ಬೇರೆ ಕಡೆಯಿಂದ ಜನ ಹುಡುಕಿಕೊಂಡು ಬರುವ ಜಾಗ ನಮ್ಮೂರಲ್ಲೇ ಇದೆ, ಮೊದಲ ಸಲ ನೀವು ಜೊತೆಯಲ್ಲಿ ಹೋಗಿ. ಸುದ್ದಿ ಕಾಲೇಜಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆ ಇದ್ದರೆ, ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು ಎಂದು ತಿಳಿಸಿ. 18 ತುಂಬದವರ ಚಿಕಿತ್ಸೆಯಲ್ಲಿ ಅಪ್ಪ ಅಮ್ಮ ಇರಬೇಕಾಗುತ್ತದೆ.

ದಿನಾ ಜೋರಾಗಿ ಕುಡಿಯುವವರಿಗೆ "ಇವತ್ತೇ ಬಿಟ್ಟುಬಿಡು" ಅಂತ ಹೇಳಬೇಡಿ. ದಿಢೀರ್ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್ ಬರಬಹುದು. ಜೀವಕ್ಕೇ ತೊಂದರೆ ಆಗಬಹುದು. ಡಾಕ್ಟರ ಸಲಹೆಯಲ್ಲೇ ಬಿಡಬೇಕು.

ಕಾನೂನನ್ನು ಸರಿಯಾಗಿ ಹೇಳಿ

1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮಾದಕ ವಸ್ತು ಸೇವಿಸುವುದೂ ಅಪರಾಧ, ಇಟ್ಟುಕೊಳ್ಳುವುದೂ ಅಪರಾಧ. ಹುಡುಗರಿಗೆ ಗೊತ್ತಿಲ್ಲದ ಭಾಗ ಎರಡನೆಯದು. "ಈ ಕವರ್ ನಿನ್ನ ಬ್ಯಾಗಲ್ಲಿ ಇಟ್ಕೋ, ಆಮೇಲೆ ತಗೋತೀನಿ" ಅಂತ ಯಾರೇ ಅಂದರೂ, ಎಷ್ಟೇ ಹತ್ತಿರದವರಾದರೂ, ಬೇಡ ಅನ್ನಬೇಕು. ಸಿಕ್ಕಿಬಿದ್ದಾಗ ಬ್ಯಾಗು ಯಾರದ್ದೋ ಕೇಸು ಅವರದ್ದು.

ಇದೇ ಕಾಯ್ದೆಯ 64ಎ ಕಲಮನ್ನೂ ಹೇಳಿ. ವ್ಯಸನಕ್ಕೆ ಬಿದ್ದವರು ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ್ದು, ತಾವೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಶಿಕ್ಷೆಯ ಕ್ರಮದಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಬರೀ ಜೈಲಿನ ಭಾಗ ಕೇಳಿದ ಹುಡುಗ ಇನ್ನೂ ಬಚ್ಚಿಟ್ಟುಕೊಳ್ಳುತ್ತಾನೆ. ಈ ಭಾಗವೂ ಕಿವಿಗೆ ಬಿದ್ದರೆ ಆಸ್ಪತ್ರೆಗೆ ಹೋಗುವ ಧೈರ್ಯ ಮಾಡುತ್ತಾನೆ.

ಮಾರುವವರು ಕಂಡರೆ ಹಿಂಬಾಲಿಸಬೇಡಿ, ವಿಡಿಯೋ ಮಾಡಬೇಡಿ. ಮಾದಕ ವಸ್ತು ದೂರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 1933ಕ್ಕೆ ಹೆಸರು ಹೇಳದೆ ತಿಳಿಸಬಹುದು, ಇಲ್ಲವೇ ನಿಮ್ಮ ಅಧ್ಯಾಪಕರ ಮೂಲಕ ಪೊಲೀಸರಿಗೆ ಹೇಳಿ.

ಯಾರಾದರೂ ಬಿದ್ದರೆ

ತಂಡದ ಪ್ರತಿಯೊಬ್ಬರಿಗೂ ಇದು ಬಾಯಿಪಾಠ ಆಗಿರಬೇಕು. ಕರೆದರೆ ಏಳುತ್ತಿಲ್ಲ, ಉಸಿರು ನಿಧಾನ ಅಥವಾ ತಡೆದು ತಡೆದು ಬರುತ್ತಿದೆ, ಮೈ ತಣ್ಣಗಾಗಿದೆ, ತುಟಿ ನೀಲಿ ಆಗಿದೆ, ಫಿಟ್ಸ್ ಬಂದಿದೆ. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕಿಕೊಳ್ಳದಿರಲಿ. ಬಾಯಿಗೆ ಏನೂ ಹಾಕಬೇಡಿ, ವಾಂತಿ ಮಾಡಿಸಲು ಹೋಗಬೇಡಿ. "ಮಲಗಿದ್ರೆ ಸರಿ ಹೋಗ್ತಾನೆ" ಅಂತ ಬಾಗಿಲು ಹಾಕಿಕೊಂಡು ಹೋಗಲೇಬೇಡಿ. ಏನು ತಗೊಂಡಿದ್ದ ಎಂದು ಡಾಕ್ಟರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿ. ವಾರ್ಡನ್‌ಗೆ ಹೆದರಿ ಅರ್ಧ ಗಂಟೆ ಕಾಯುವುದರಲ್ಲೇ ಜೀವ ಹೋಗಬಹುದು. ಹಾಗಾಗಿ ಕಾಲೇಜಿನ ಜೊತೆ ಮೊದಲೇ ಮಾತಾಡಿ: ಸಹಾಯಕ್ಕೆ ಫೋನ್ ಮಾಡಿದವರ ಮೇಲೆ ಶಿಸ್ತು ಕ್ರಮ ಇಲ್ಲ ಎಂದು ಲಿಖಿತವಾಗಿ ಕೇಳಿ. ಸಿಗುವವರೆಗೂ ಕೇಳುತ್ತಿರಿ.

ವರ್ಷಪೂರ್ತಿ ಸ್ವಲ್ಪ ಸ್ವಲ್ಪ

ಜೂನ್ 26 ಮಾದಕ ವಸ್ತು ವಿರೋಧಿ ದಿನ, ಎಲ್ಲ ಕಾಲೇಜುಗಳೂ ಜಾಥಾ ಮಾಡುತ್ತವೆ. ಮಾಡಿ, ಆದರೆ ಒಂದು ದಿನದ ಜಾಥಾಕ್ಕಿಂತ ತಿಂಗಳಿಗೊಂದು ಗಂಟೆಯ ಅಭ್ಯಾಸ ಮೇಲು. ಆಗಸ್ಟ್ 1 ನಮ್ಮ ರಾಜ್ಯದ ವ್ಯಸನಮುಕ್ತ ದಿನ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡುತ್ತಿದ್ದರು. ಅದು ಅವರು ಹುಟ್ಟಿದ ದಿನ. ನೀವೂ ಗೇಟಿನ ಬಳಿ ಒಂದು ಬಟ್ಟೆ ಜೋಳಿಗೆ ತೂಗುಹಾಕಬಹುದು. ಬಿಡಬೇಕು ಅನಿಸಿದ್ದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕಲಿ. ಚೀಟಿಯ ಹಿಂದೆ 14416 ಮತ್ತು 14446 ಅಚ್ಚಾಗಿರಲಿ, ಅರ್ಧ ಹರಿದು ಜೇಬಿಗೆ ಇಟ್ಟುಕೊಳ್ಳುವ ಹಾಗೆ.

ಜೂನಿಯರ್‌ಗಳಿಗೆ ಒಪ್ಪಿಸುವಾಗ

ಗೆಳೆಯರ ಕಷ್ಟ ಕೇಳಿ ಕೇಳಿ ನಿಮಗೂ ಭಾರ ಆಗುತ್ತದೆ. ಒಬ್ಬರ ಮೇಲೇ ಬೀಳದ ಹಾಗೆ ಸರದಿ ಮಾಡಿಕೊಳ್ಳಿ, ತಿಂಗಳಿಗೊಮ್ಮೆ ಕೌನ್ಸೆಲರ್ ಜೊತೆ ಕೂತುಕೊಳ್ಳಿ. ಫೈನಲ್ ಇಯರ್ ಶುರುವಾಗುವಾಗಲೇ ಜೂನಿಯರ್‌ಗಳನ್ನು ಸೇರಿಸಿಕೊಳ್ಳಿ, ಪರೀಕ್ಷೆ ಹೊತ್ತಿಗೆ ಅವರೇ ನಡೆಸುವ ಹಾಗಿರಲಿ. ಅವರಿಗೆ ಕೊಡುವ ಫೈಲಿನಲ್ಲಿ ಚೀಟಿ ಲೆಕ್ಕದ ಒಟ್ಟು ಸಂಖ್ಯೆ, ವರ್ಷದ ಕ್ಯಾಲೆಂಡರ್, ಅಧ್ಯಾಪಕರ ಮತ್ತು ಕೌನ್ಸೆಲರ್ ನಂಬರ್, ಪಾಲಿಕೆಗೆ ಕೊಟ್ಟ ಪತ್ರಗಳ ನಕಲು, ಯಾವ ಚಟುವಟಿಕೆಗೆ ಜನ ಬಂದರು, ಯಾವುದಕ್ಕೆ ಬರಲಿಲ್ಲ ಅನ್ನುವ ಟಿಪ್ಪಣಿ ಇರಲಿ. ಯಾರು ನಿಮ್ಮ ಹತ್ತಿರ ಬಂದಿದ್ದರು, ಏನು ಹೇಳಿಕೊಂಡರು ಅನ್ನುವುದು ಆ ಫೈಲಿನಲ್ಲಿ ಇರಕೂಡದು. ಯಾರಿಗಾದರೂ ಇನ್ನೂ ಜೊತೆ ಬೇಕಾಗಿದ್ದರೆ, "ಇವಳ ಹತ್ರ ಮಾತಾಡ್ತೀಯಾ?" ಅಂತ ಮೊದಲು ಅವರನ್ನೇ ಕೇಳಿ, ಒಪ್ಪಿದ ಮೇಲೆ ಜೂನಿಯರ್‌ಗೆ ಪರಿಚಯ ಮಾಡಿಸಿ.